ಮೊದಲು ಮಕ್ಕಳ ಬರಹ, ಆಮೇಲೆ ಪಾಠ

ಪ್ರಶ್ನೆ: ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಎರಡೂ ಸೇರಿ 26 ಮಕ್ಕಳು. ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು. ಪಾಠ ಓದು ಅಂದರೆ ಗಟ್ಟಿಯಾಗಿ, ತಡವರಿಸದೆ ಓದುತ್ತಾರೆ. ಓದಿದ್ದರ ಬಗ್ಗೆ ಏನಾದರೂ ಕೇಳಿದರೆ ಬಾಯಿ ಬಿಡುವುದಿಲ್ಲ. ಮೊನ್ನೆ ಕರು ಕಳೆದುಕೊಂಡ ಹುಡುಗನ ಕತೆಯೊಂದನ್ನು ಓದಿಸಿ, 'ನಿಮಗೂ ಹೀಗೆ ಆಗಿದೆಯಾ?' ಅಂತ ಕೇಳಿದೆ. ಒಬ್ಬ ಹುಡುಗ 'ನಮ್ಮನೇಲೂ ಕರು ಇದೆ ಮಿಸ್' ಅಂದ. ಅಷ್ಟಕ್ಕೇ ನಿಂತಿತು. 'ನನ್ನ ಶಾಲೆ' ಬಗ್ಗೆ ಬರೆಯಿರಿ ಅಂದರೆ ಎಲ್ಲರದ್ದೂ ಒಂದೇ ಥರ ಇರುತ್ತದೆ. ಮಕ್ಕಳ ಸ್ವಂತ ಅನುಭವ ಬರೆಸಿ, ಅದನ್ನು ಓದಿನ ಜೊತೆ ಜೋಡಿಸಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ಹೇಗೆ ಅಂತ ಬಿಡಿಸಿ ಹೇಳುವವರು ಸಿಕ್ಕಿಲ್ಲ. ತಪ್ಪುಗಳನ್ನು ಏನು ಮಾಡಬೇಕು? ಪಾಠ ಮುಗಿಸುವುದು ಯಾವಾಗ?

ಉತ್ತರ:

ಮೇಡಂ, ಆ ಕರುವಿನ ಹುಡುಗನಿಂದಲೇ ಶುರು ಮಾಡೋಣ. ಅವನು ತಪ್ಪೇನೂ ಹೇಳಲಿಲ್ಲ. ಕತೆಯಲ್ಲಿ ಕರು ಇತ್ತು, ಅವನ ಮನೆಯಲ್ಲೂ ಕರು ಇದೆ, ನೀವು ಕೇಳಿದಿರಿ, ಅವನು ಹೇಳಿದ. ಪಾಠ ಓದಿ ಮುಗಿಸಿದ ಕೂಡಲೇ 'ನಿಮಗೂ ಹೀಗೆ ಆಗಿದೆಯಾ?' ಅಂದರೆ ಯಾವ ಮಗುವಿಗಾದರೂ ತಟ್ಟನೆ ಹೊಳೆಯುವುದು ಅಷ್ಟೇ. ದೊಡ್ಡವರ ಕತೆಯೂ ಬೇರೆಯಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿ, 'ನಿಮ್ಮ ಜೀವನದ ಮರೆಯಲಾಗದ ಘಟನೆ ಹೇಳಿ' ಅಂದರೆ ನೀವೂ ಏನೋ ಒಂದು ಹೇಳಿ ಕೂತುಬಿಡುತ್ತೀರಿ, ಅಲ್ವಾ?

ನೆನಪು ಮಾಡಿಕೊಳ್ಳಲು ಸಮಯ ಬೇಕು. ನೆನಪಾದದ್ದನ್ನು ಕಾಗದದ ಮೇಲೆ ಇಳಿಸಲು ಇನ್ನೂ ಸ್ವಲ್ಪ ಸಮಯ ಬೇಕು. ಆ ಸಮಯ ನಮ್ಮ ತರಗತಿಗಳಲ್ಲಿ ಸಿಗುವುದಿಲ್ಲ, ಯಾಕೆಂದರೆ ಸ್ವಂತ ಅನುಭವದ ಪ್ರಶ್ನೆಗಳೆಲ್ಲ ಪಾಠದ ಬಾಲದಲ್ಲಿ ಇರುತ್ತವೆ. ಹೊಸ ಪದಗಳ ಅರ್ಥ ಆಯಿತು, ಪ್ರಶ್ನೋತ್ತರ ಆಯಿತು, ಬಿಟ್ಟ ಸ್ಥಳ ತುಂಬಿದ್ದಾಯಿತು, ಹೊಂದಿಸಿ ಬರೆದದ್ದಾಯಿತು. ಕೊನೆಗೆ 'ನಿಮ್ಮ ಅನುಭವ ಬರೆಯಿರಿ' ಬರುವ ಹೊತ್ತಿಗೆ ಮಕ್ಕಳಿಗೂ ಸಾಕಾಗಿರುತ್ತದೆ, ನಿಮಗೂ ಸಾಕಾಗಿರುತ್ತದೆ. ಮುಂದಿನ ಪಾಠ ಕಾಯುತ್ತಿರುತ್ತದೆ. ಅದು ಮನೆಗೆಲಸವಾಗಿ ಹೋಗುತ್ತದೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಗೈಡ್ ನೋಡಿ ಬರೆದುಕೊಡುತ್ತಾರೆ.

ಹಾಗಾಗಿ ನಾನು ಎಲ್ಲಾ ಶಿಕ್ಷಕರಿಗೂ ಹೇಳುವುದು ಒಂದೇ: ಕ್ರಮ ತಿರುಗಿಸಿ. ಪಾಠ ತೆರೆಯುವ ಮುಂಚೆ ಬರೆಸಿ. ಮಗು ತನ್ನದೊಂದು ಕತೆ ಕೈಯಲ್ಲಿ ಹಿಡಿದುಕೊಂಡು ಪಾಠದೊಳಗೆ ಹೋಗಲಿ.

ಕರುವಿನ ಕತೆಯನ್ನೇ ತಗೊಳ್ಳಿ. ಅದನ್ನು ಬುಧವಾರ ಓದಿಸಬೇಕು ಅಂತ ಇಟ್ಟುಕೊಳ್ಳೋಣ. ಮಂಗಳವಾರ ಕೊನೆಯ ಪೀರಿಯಡ್‌ನಲ್ಲಿ ಪುಸ್ತಕ ತೆಗೆಸಬೇಡಿ, ಕರುವಿನ ಹೆಸರೂ ಎತ್ತಬೇಡಿ. 'ನಿಮ್ಮ ಕೈಯಿಂದ ಯಾವತ್ತಾದರೂ ಏನಾದರೂ ತಪ್ಪಿಹೋಗಿದೆಯಾ?' ಅಂತ ಕೇಳಿ. ಮೊದಲು ನಿಮ್ಮದು ಹೇಳಿ. ಸಂತೆಯಲ್ಲಿ ಪರ್ಸ್ ಬಿಟ್ಟು ಬಂದದ್ದೋ, ಕಿವಿಯ ಓಲೆ ಉದುರಿಹೋದದ್ದೋ. ಅಲ್ಲಿಂದ ಮಕ್ಕಳು ಶುರು ಮಾಡುತ್ತಾರೆ. ಹತ್ತು ರೂಪಾಯಿ ನೋಟು, ಹೊಸ ಚಪ್ಪಲಿ, ಜಾತ್ರೆಯಲ್ಲಿ ಕೈಬಿಟ್ಟ ತಂಗಿ. ಎಲ್ಲರಿಗೂ ಒಂದಲ್ಲ ಒಂದು ಇದ್ದೇ ಇರುತ್ತದೆ. ಐದು ನಿಮಿಷ ಪಕ್ಕದವರ ಜೊತೆ ಮಾತಾಡಿಕೊಳ್ಳಲಿ. ಆಮೇಲೆ ಹತ್ತು ನಿಮಿಷ ಬರೆಯಲಿ. ನೀವೂ ಬೋರ್ಡಿನ ಮೇಲೆ ನಿಮ್ಮದನ್ನು ಬರೆಯಿರಿ. ಬರೆಯುವಾಗ ಒಂದು ಮಾತು ಹೊಡೆದುಹಾಕಿ, ಬೇರೆ ಹಾಕಿ. ಟೀಚರ್ ಕೂಡ ಹೊಡೆದುಹಾಕಿ ಬರೆಯುತ್ತಾರೆ ಅಂತ ಮಕ್ಕಳು ಕಣ್ಣಾರೆ ನೋಡಬೇಕು. ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ.

ಚಿಂತಾಮಣಿ ಕಡೆಯ ಒಂದು ಶಾಲೆಯಲ್ಲಿ ಇಂಥದ್ದೇ ಕತೆಗೆ ಮುಂಚೆ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ಮೇಕೆ ತಪ್ಪಿಸ್ಕೊಂತು. ನಾನು ಅಳಲಿಲ್ಲ. ಮನೆಗೂ ಹೋಗಲಿಲ್ಲ. ಕತ್ಲೆ ಆಗೋವರೆಗೂ ಹುಣಸೆ ಮರದ ಕೆಳಗೆ ಕೂತಿದ್ದೆ.' ಅಷ್ಟೇ, ನಾಲ್ಕು ಸಾಲು. ಮಾರನೇ ದಿನ ಕತೆ ಓದಿದರು. ಕತೆಯಲ್ಲಿ ಕರು ಕಳೆದುಕೊಂಡ ಹುಡುಗ ಸೀದಾ ಮನೆಗೆ ಹೋಗದೆ ಊರೆಲ್ಲ ಸುತ್ತುತ್ತಾನೆ. ಯಾಕೆ ಅಂತ ಕತೆಯಲ್ಲಿ ಎಲ್ಲೂ ಬರೆದಿಲ್ಲ. ಟೀಚರ್ ಅದನ್ನೇ ಕೇಳಿದರು. 'ಕರು ಹುಡುಕೋಕೆ' ಅಂತ ಕೆಲವರು ಅಂದರು. ಈ ಹುಡುಗಿ ಮಾತ್ರ, 'ಹುಡುಕೋಕಲ್ಲ ಮಿಸ್, ಬರೀ ಕೈಯಲ್ಲಿ ಮನೆಗೆ ಹೋದ್ರೆ ಬೈತಾರೆ, ಅದಕ್ಕೆ' ಅಂದಳು. ಟೀಚರ್ ಬಿಡಲಿಲ್ಲ. 'ಕತೆಯಲ್ಲಿ ಹಂಗೆ ಎಲ್ಲಿದೆ, ತೋರಿಸು' ಅಂದರು. ಅವಳು ಪುಟ ತಿರುಗಿಸಿ, ಹುಡುಗ ತನ್ನ ಮನೆ ಮುಂದೆಯೇ ಎರಡು ಸಲ ಹಾದುಹೋಗಿ ಒಳಗೆ ಕಾಲಿಡದ ಸಾಲನ್ನು ಬೆರಳಿಟ್ಟು ತೋರಿಸಿದಳು.

ನಿಮ್ಮ ಹುಡುಗನ 'ನಮ್ಮನೇಲೂ ಕರು ಇದೆ'ಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅವನ ಮಾತು ಕತೆಯಿಂದ ಹೊರಗೆ ಹೋಯಿತು, ವಾಪಸ್ ಬರಲಿಲ್ಲ. ಇವಳ ಮಾತು ಹೊರಗೆ ಹೋಗಿ, ಕತೆಯ ಒಂದು ಸಾಲಿಗೆ ಬಂದು ಕೂತಿತು. ತರಬೇತಿಯಲ್ಲಿ 'ಅನುಭವಕ್ಕೆ ಜೋಡಿಸಿ' ಅನ್ನುವಾಗ ಈ ವಾಪಸ್ ಬರುವ ಭಾಗವನ್ನು ಬಿಟ್ಟುಬಿಡುತ್ತಾರೆ. ಮಕ್ಕಳು ತಮ್ಮ ತಮ್ಮ ಕತೆ ಹೇಳಿ ಖುಷಿಪಟ್ಟು ಎದ್ದುಹೋದರೆ ಮಾತುಕತೆ ಆಯಿತು, ಓದು ಆಗಲಿಲ್ಲ. ನೀವು ಒಂದು ಅಭ್ಯಾಸ ಇಟ್ಟುಕೊಳ್ಳಿ. ಮಗು 'ನನಗೂ ಹಂಗೇ ಆಗಿತ್ತು' ಅಂದ ತಕ್ಷಣ 'ಹಾಗಾದರೆ?' ಅಂತ ಕೇಳಿ. ಹಾಗಾದರೆ ಕತೆಯ ಹುಡುಗನ ಬಗ್ಗೆ ನಿನಗೆ ಏನು ಗೊತ್ತಾಯಿತು? ನಿನಗೂ ಅವನಿಗೂ ಎಲ್ಲಿ ಬೇರೆ ಆಯಿತು? ಈ ಎರಡನೇ ಪ್ರಶ್ನೆಯನ್ನು ಮರೆಯಬೇಡಿ. ಒಂದೇ ಥರ ಇರುವುದನ್ನು ಹೇಳುವುದು ಸುಲಭ. ಬೇರೆ ಎಲ್ಲಿದೆ ಅಂತ ಹೇಳಬೇಕಾದರೆ ಇನ್ನೊಂದು ಸಲ ಓದಲೇಬೇಕು.

ಇನ್ನು 'ನನ್ನ ಶಾಲೆ'. ಅದು ಯಾಕೆ ಒಂದೇ ಥರ ಬರುತ್ತದೆ ಅಂದರೆ, ಆ ವಿಷಯ ಜಾಸ್ತಿ ದೊಡ್ಡದು. ಒಂಬತ್ತು ವರ್ಷದ ಮಗು ಒಂದು ಇಡೀ ಶಾಲೆಯನ್ನು ಎಲ್ಲಿಂದ ಹಿಡಿಯಬೇಕು? ಅದಕ್ಕೇ 'ನಮ್ಮ ಶಾಲೆಯಲ್ಲಿ ಆರು ಕೊಠಡಿಗಳಿವೆ, ವಿಶಾಲವಾದ ಆಟದ ಮೈದಾನವಿದೆ' ಅಂತ ಶುರುವಾಗುತ್ತದೆ, ಮೈದಾನ ಇರಲಿ ಇಲ್ಲದಿರಲಿ. 'ನನ್ನ ತಾಯಿ', 'ದಸರಾ ರಜೆ' ಇವೂ ಅಷ್ಟೇ. ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ ಅಂತ ಕೇಳುವುದನ್ನಂತೂ ನಿಲ್ಲಿಸಿಬಿಡಿ. ನಿಮ್ಮ ಕಡೆಯ ಎಷ್ಟೋ ಮಕ್ಕಳು ಆ ರಜೆಯಲ್ಲಿ ಹೊಲದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿರುತ್ತಾರೆ. ಪ್ರವಾಸಕ್ಕೆ ಹೋಗದಿದ್ದವರು ಮೈಸೂರಿಗೆ ಹೋಗಿದ್ದೆ ಅಂತ ಸುಳ್ಳು ಬರೆಯುತ್ತಾರೆ. ಕಡಲೆಕಾಯಿ ಬಿಡಿಸಿದ್ದರ ಬಗ್ಗೆಯೇ ಬರೆ ಅಂದರೆ ಬೆರಳು ಉರಿದದ್ದು, ಬುಟ್ಟಿಗೆ ಇಷ್ಟು ಅಂತ ದುಡ್ಡು ಕೊಟ್ಟದ್ದು, ಹಸಿ ಕಾಯಿ ತಿಂದು ಹೊಟ್ಟೆ ನೋವು ಬಂದದ್ದು ಎಲ್ಲಾ ಬರುತ್ತದೆ.

ವಿಷಯ ಚಿಕ್ಕದು ಮಾಡಿ. ಶಾಲೆಗೆ ಬರುವ ದಾರಿಯಲ್ಲಿ ಹೆದರಿಕೆ ಆಗುವ ಒಂದು ಜಾಗ. ಕರೆಂಟ್ ಹೋದಾಗ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ. ರಾತ್ರಿ ಮಲಗಿದ ಮೇಲೆ ಕೇಳಿಸುವ ಸದ್ದು. ಬಿಸಿಯೂಟದ ಸಾಲಿನಲ್ಲಿ ನಿಂತಾಗ ಮುಂದಿನವನು ಏನು ಮಾಡುತ್ತಾನೆ. ಮೈಮೇಲಿನ ಒಂದು ಗಾಯದ ಗುರುತು, ಅದು ಹೇಗೆ ಆಯಿತು. ಈ ಕೊನೆಯದು ಎಲ್ಲಾ ತರಗತಿಯಲ್ಲೂ ಓಡುತ್ತದೆ. ಮೊಣಕಾಲಿನ ಗುರುತು ಇಲ್ಲದ ಮಗು ನಮ್ಮ ಕಡೆ ಇಲ್ಲ. ಆದರೆ ಇದನ್ನು ಕೊಡುವಾಗ ಒಂದು ಎಚ್ಚರಿಕೆ ಬೇಕು, ಮುಂದೆ ಹೇಳುತ್ತೇನೆ.

ಚಿಕ್ಕ ವಿಷಯ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಶಾಲೆ. ರೇಷ್ಮೆ ಮನೆಗಳೇ ಜಾಸ್ತಿ. ಅಲ್ಲಿನ ಶಿಕ್ಷಕರು 'ರಾತ್ರಿಯ ಸದ್ದು' ಬರೆಸಿದ್ದರು. ಐದನೇ ತರಗತಿಯ ಒಂದು ಹುಡುಗಿ ಬರೆದದ್ದು ಇದು: 'ನಮ್ಮ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿದೆ. ಅಮ್ಮ ರಾತ್ರಿ ಎದ್ದು ಸೊಪ್ಪು ಹಾಕುತ್ತಾಳೆ. ಎಲ್ಲಾ ಹುಳ ಒಟ್ಟಿಗೆ ತಿಂದರೆ ಮಳೆ ಬಂದ ಹಾಗೆ ಸದ್ದು. ಒಂದು ದಿನ ನಿಜವಾದ ಮಳೆ ಅಂತ ಎದ್ದು ಬಟ್ಟೆ ತರೋಕೆ ಓಡಿದೆ.'

ರೇಷ್ಮೆ ಸಾಕದವರಿಗೆ ಒಂದು ಮಾತು: ಹುಳ ನಾಲ್ಕು ಸಲ ಮೇವು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂತು ಪೊರೆ ಬಿಡುತ್ತದೆ. ಪ್ರತಿ ಸಲಕ್ಕೂ ಒಂದು ಜ್ವರ ಅಂತ ಲೆಕ್ಕ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಅದು ತಿನ್ನುವ ರಭಸವೇ ಬೇರೆ. ಒಟ್ಟು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಬಹುಪಾಲು ಆ ವಾರದಲ್ಲೇ ಖರ್ಚಾಗುತ್ತದೆ. ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ. ಆ ವಾರ ಮಕ್ಕಳು ಶಾಲೆಗೆ ಬರುವುದಿಲ್ಲ, ಬಂದರೂ ತೂಕಡಿಸುತ್ತಾರೆ.

ಆ ಬರಹ ಆದ ಕೆಲವು ದಿನಕ್ಕೆ ಅದೇ ಶಿಕ್ಷಕರು ಕೀಟಗಳ ಜೀವನಚಕ್ರದ ಬಗ್ಗೆ ಓದಿಸಿದರು. ಮೊಟ್ಟೆ, ಹುಳು, ಕೋಶ, ಚಿಟ್ಟೆ, ಮತ್ತೆ ಮೊಟ್ಟೆ. ಬಾಣದ ಗುರುತಿನ ಚಿತ್ರ ಇರುತ್ತದಲ್ಲ, ಅದು. ಬೇರೆ ಮಕ್ಕಳು ಬಾಯಿಪಾಠ ಮಾಡಿಕೊಂಡರು. ಈ ಹುಡುಗಿ ಎದ್ದು, 'ಸಾರ್, ನಮ್ಮನೆ ಹುಳ ಚಿಟ್ಟೆ ಆಗೋದೇ ಇಲ್ಲ' ಅಂದಳು. ಹೌದು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿ ಸೀದಾ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ. ನೂಲು ಬಿಚ್ಚುವ ಕಡೆ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಒಳಗಿನ ಕೋಶ ಅಲ್ಲೇ ಮುಗಿಯುತ್ತದೆ. ಅವಳು ಹುಟ್ಟಿದಾಗಿನಿಂದ ಹುಳ ನೋಡಿದ್ದಾಳೆ, ಚಿಟ್ಟೆ ಒಂದನ್ನೂ ನೋಡಿಲ್ಲ. 'ಹಾಗಾದರೆ ನಿಮ್ಮ ಮನೆಗೆ ಮರಿಹುಳ ಎಲ್ಲಿಂದ ಬರುತ್ತೆ?' ಅಂತ ಶಿಕ್ಷಕರು ಕೇಳಿದರು. ಅಪ್ಪ ಮರಿಹುಳ ಸಾಕಿ ಮಾರುವ ಚಾಕಿ ಕೇಂದ್ರದಿಂದ ತರುತ್ತಾರೆ. ಅವರಿಗೆ ಎಲ್ಲಿಂದ ಬರುತ್ತೆ? ಎಲ್ಲೋ ಯಾರೋ ಚಿಟ್ಟೆ ಬಿಟ್ಟು ಮೊಟ್ಟೆ ಇಡಿಸಲೇಬೇಕಲ್ಲ? ಇಡೀ ತರಗತಿ ಪುಸ್ತಕದ ಆ ಚಿತ್ರಕ್ಕೆ ವಾಪಸ್ ಹೋಗಿ ಯಾವ ಬಾಣ ಯಾರ ಮನೆಯಲ್ಲಿ ನಡೆಯುತ್ತದೆ ಅಂತ ಗುರುತು ಹಾಕಿತು. ಕತೆ ಪಾಠಕ್ಕೆ ಮಾತ್ರ ಸ್ವಂತ ಬರಹ ಹೊಂದುತ್ತದೆ ಅಂತ ಅಂದುಕೊಂಡವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಪರಿಸರ ಅಧ್ಯಯನದ ಪಾಠಗಳಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ.

ದೂರದ ಪಾಠಗಳಿಗೆ ಏನು ಮಾಡುವುದು ಅಂತ ನೀವು ಕೇಳಬಹುದು. ದೊಡ್ಡವರ ಜೀವನಚರಿತ್ರೆ ಬಂದರೆ ಮಕ್ಕಳಿಗೆ ಜೋಡಿಸಿಕೊಳ್ಳಲು ಏನೂ ಇರುವುದಿಲ್ಲ. ಹುಟ್ಟಿದ ಇಸವಿ, ಪ್ರಶಸ್ತಿ, ಸತ್ತ ಇಸವಿ. ಇಲ್ಲೂ ಮೊದಲೇ ಬರೆಸಿ. ನಿಮ್ಮದೇ ಜಿಲ್ಲೆಯ ಎಚ್. ನರಸಿಂಹಯ್ಯನವರ ವಿಷಯ ತಗೊಳ್ಳಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ ಓದಲು ಬೆಂಗಳೂರಿಗೆ ಹೊರಟಾಗ ಬಸ್ಸಿಗೆ ದುಡ್ಡಿರಲಿಲ್ಲ, ನಡೆದುಕೊಂಡೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇದನ್ನು ಓದಿಸುವ ಹಿಂದಿನ ದಿನ 'ನೀವು ನಡೆದ ಅತಿ ದೂರದ ದಾರಿ' ಅಂತ ಬರೆಸಿ. ಬಸ್ ತಪ್ಪಿ ನಡೆದದ್ದು, ಜಾತ್ರೆಗೆ ನಡೆದದ್ದು, ಚಪ್ಪಲಿ ಕಿತ್ತುಹೋದದ್ದು. ಆಮೇಲೆ ಪಾಠ ಓದಿದಾಗ ಮಕ್ಕಳೇ ಕೇಳುತ್ತಾರೆ: ರಾತ್ರಿ ಎಲ್ಲಿ ಮಲಗಿದ್ರು? ಬುತ್ತಿ ಏನು ಕಟ್ಕೊಂಡಿದ್ರು? ಜೊತೆಗೆ ಯಾರಿದ್ರು? ಪಾಠದಲ್ಲಿ ಅದು ಇಲ್ಲ ಅನ್ನುವುದೂ ಅವರಿಗೇ ಗೊತ್ತಾಗುತ್ತದೆ. ಬರೆದ ಮಗು ಮಾತ್ರ ಬರೆಯದೆ ಬಿಟ್ಟದ್ದನ್ನು ಗಮನಿಸುತ್ತದೆ, ಯಾಕೆಂದರೆ ಅದೂ ನಿನ್ನೆ ಏನೇನೋ ಬಿಟ್ಟಿರುತ್ತದೆ.

ಈಗ ನಿಮ್ಮ ತೆಲುಗಿನ ಪ್ರಶ್ನೆ. ನೀವು ಅದನ್ನು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಪ್ರಕಾರ ಅರ್ಧ ಸಮಸ್ಯೆ ಅಲ್ಲೇ ಇದೆ. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಪಾವಗಡ, ಈ ಗಡಿ ತಾಲ್ಲೂಕುಗಳಲ್ಲಿ ಮಗುವಿನ ನೆನಪೆಲ್ಲ ತೆಲುಗಿನಲ್ಲಿ ಇರುತ್ತದೆ. ಅಜ್ಜಿ ಬೈದದ್ದು ತೆಲುಗು, ಮೇಕೆಯನ್ನು ಕೂಗಿ ಕರೆದದ್ದು ತೆಲುಗು. ಅದನ್ನು ಕನ್ನಡದಲ್ಲೇ ನೆನಪು ಮಾಡಿಕೋ ಅಂದರೆ ಮಗು ಗೈಡಿನ ಕನ್ನಡಕ್ಕೆ ಹೋಗಿಬಿಡುತ್ತದೆ. ಅದಕ್ಕೆ ಗೊತ್ತಿರುವ ಬರೆಯುವ ಕನ್ನಡ ಅದೊಂದೇ.

ಮೊದಲ ಬರಹದಲ್ಲಿ ತೆಲುಗು ಬರಲಿ, ಕನ್ನಡ ಅಕ್ಷರದಲ್ಲೇ. 'ಮಾ ಮೇಕ ತಪ್ಪಿಪೋಯಿಂದಿ' ಅಂತ ಒಬ್ಬ ಬರೆದ ಅಂದುಕೊಳ್ಳಿ. ತಪ್ಪಲ್ಲ. ಆ ಸಾಲನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎಲ್ಲರೂ ಸೇರಿ 'ನಮ್ಮ ಮೇಕೆ ತಪ್ಪಿಸಿಕೊಂಡಿತು' ಅಂತ ಮಾಡಿ. ಎರಡು ಭಾಷೆಯ ಸಾಲು ಒಂದರ ಕೆಳಗೊಂದು ಕೂತಾಗ ಮಕ್ಕಳಿಗೆ ವಾಕ್ಯ ಹೇಗೆ ಕಟ್ಟುತ್ತದೆ ಅನ್ನುವುದು ಕಾಣುತ್ತದೆ. ವ್ಯಾಕರಣದ ಪಾಠದಲ್ಲಿ ಅದು ಕಾಣುವುದಿಲ್ಲ. ಮೇಲಿನವರು ಆಕ್ಷೇಪ ಮಾಡಿದರೆ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆ ನಡೆಯಲಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ ಅನ್ನಿ. ಆ ನೀತಿಯ ಬೇರೆ ವಿಷಯಗಳ ಬಗ್ಗೆ ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಜಗಳ ಇದೆ. ಮನೆಮಾತಿನ ಬಗ್ಗೆ ತಕರಾರು ಮಾಡುವವರು ಕಡಿಮೆ.

ಇನ್ನೂ ಬರೆಯಲು ಬಾರದ ಮಕ್ಕಳು ಐದನೇ ತರಗತಿಯಲ್ಲೂ ನಾಲ್ಕೈದು ಜನ ಇರುತ್ತಾರೆ. ಅವರು ಹೇಳಲಿ, ನೀವು ಬರೆದುಕೊಳ್ಳಿ. ಹೇಳಿದ ಹಾಗೇ ಬರೆಯಿರಿ, ಚಂದ ಮಾಡಬೇಡಿ. ದೊಡ್ಡ ಅಕ್ಷರದಲ್ಲಿ ಮೂರು ಸಾಲು ಸಾಕು. ಮಗು ಅದನ್ನು ತಕ್ಷಣ ಓದಿಬಿಡುತ್ತದೆ. ಅದು ಪೂರ್ತಿ ಓದಲ್ಲ, ಅರ್ಧ ನೆನಪು. ಆದ್ದರಿಂದ ಮಾರನೇ ದಿನ ಆ ಸಾಲುಗಳನ್ನು ಪದ ಪದವಾಗಿ ಕತ್ತರಿಸಿ, ಕಲೆಸಿ ಕೊಡಿ. ತನ್ನದೇ ವಾಕ್ಯವನ್ನು ಮತ್ತೆ ಜೋಡಿಸುವಾಗ ಅಕ್ಷರ ನೋಡಲೇಬೇಕಾಗುತ್ತದೆ. ಒಂದರಿಂದ ಮೂರರವರೆಗಿನ ನಲಿಕಲಿ ತರಗತಿಯಿಂದ ಮೇಲೆ ಬಂದು ಕಾಗುಣಿತದಲ್ಲಿ ಸಿಕ್ಕಿಹಾಕಿಕೊಂಡ ಮಕ್ಕಳಿಗೆ, ಅದೇ ಕಾಗುಣಿತವನ್ನು ಮತ್ತೆ ಮತ್ತೆ ತಿದ್ದಿಸುವುದಕ್ಕಿಂತ ಇದು ಬೇಗ ಹಿಡಿಯುತ್ತದೆ.

ತಪ್ಪು ತಿದ್ದುವ ವಿಚಾರ. ಮೊದಲ ಬರಹದ ಮೇಲೆ ಕೆಂಪು ಪೆನ್ನು ಬೇಡ. ಹಸಿರು ಪೆನ್ನೂ ಬೇಡ, ಕೆಲವರು ಬಣ್ಣ ಮಾತ್ರ ಬದಲಾಯಿಸುತ್ತಾರೆ! ಅದರ ಬದಲು ಕೆಳಗೆ ಒಂದು ಪ್ರಶ್ನೆ ಬರೆಯಿರಿ, ನಿಜವಾಗಿ ತಿಳಿದುಕೊಳ್ಳಬೇಕು ಅನಿಸಿದ ಪ್ರಶ್ನೆ. 'ಆಮೇಲೆ ಮೇಕೆ ಸಿಕ್ತಾ?' 'ಹುಣಸೆ ಮರದ ಕೆಳಗೆ ಯಾರಾದ್ರೂ ನೋಡಿದ್ರಾ?' ಮಗು ಅದಕ್ಕೆ ಉತ್ತರ ಬರೆಯುತ್ತದೆ. ಮೂರು ಸಾಲು ಐದಾಗುತ್ತದೆ. 'ಚೆನ್ನಾಗಿದೆ', 'ಉತ್ತಮ' ಅಂತ ಬರೆದರೆ ಮಾತು ಅಲ್ಲಿಗೆ ಮುಗಿಯಿತು. ದಿನಕ್ಕೆ ಐದು ನೋಟ್‌ಬುಕ್ ನೋಡಿದರೆ ವಾರದಲ್ಲಿ 26 ಮಕ್ಕಳದ್ದೂ ಮುಗಿಯುತ್ತದೆ. ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ, ಆಗ ಬರೀ ಸಹಿ ಹಾಕುವ ಕೆಲಸ ಆಗುತ್ತದೆ.

ತಿದ್ದುವುದಕ್ಕೂ ಒಂದು ಸಮಯ ಇದೆ. ತರಗತಿಯ ಗೋಡೆಗೆ ಅಂಟಿಸುವ ಗೋಡೆ ಪತ್ರಿಕೆಗೆ ಹೋಗುವ ಬರಹ ಮಾತ್ರ ತಿದ್ದಬೇಕು, ಬೇರೆಯವರು ಓದುತ್ತಾರೆ ಅನ್ನುವ ಕಾರಣಕ್ಕೆ. ಆಗಲೂ ಒಂದು ಸಲಕ್ಕೆ ಒಂದೇ ವಿಷಯ. ಈ ವಾರ ಒತ್ತಕ್ಷರ, 'ಅಕಿ' ಅಂತ ಬರೆದದ್ದು 'ಅಕ್ಕಿ' ಆಗಲಿ. ಮುಂದಿನ ವಾರ ಅಕಾರ ಹಕಾರ. ಮಕ್ಕಳ ಮಾತಿನ ಕನ್ನಡವನ್ನು ಪುಸ್ತಕದ ಕನ್ನಡ ಮಾಡುವ ಚಪಲ ನಮಗೆಲ್ಲ ಇದೆ. 'ಕತ್ಲೆ ಆಗೋವರೆಗೂ' ಅನ್ನುವುದನ್ನು 'ಕತ್ತಲಾಗುವವರೆಗೆ' ಮಾಡಿದರೆ ಪರವಾಗಿಲ್ಲ. 'ಸೂರ್ಯನು ಅಸ್ತಮಿಸುವ ತನಕ' ಮಾಡಿದರೆ ಅದು ಆ ಹುಡುಗಿಯ ಬರಹವಲ್ಲ, ನಿಮ್ಮದು.

ಮೊದಲೇ ಹೇಳಿದ ಎಚ್ಚರಿಕೆಗೆ ಬರುತ್ತೇನೆ. ಸ್ವಂತದ್ದು ಬರೆಯಿರಿ ಅಂದಾಗ ಮಕ್ಕಳು ನಿಜವಾಗಿಯೂ ಬರೆದುಬಿಡುತ್ತಾರೆ. ಗಾಯದ ಗುರುತಿನ ಕೆಳಗೆ 'ಅಪ್ಪ ಕುಡಿದು ಬಂದು ಸೌಟಿನಲ್ಲಿ ಹೊಡೆದರು' ಅಂತ ಇರಬಹುದು. ಅಪ್ಪ ಇಲ್ಲದ ಮಗು, ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಅಜ್ಜಿ ಜೊತೆ ಇರುವ ಮಗು, ಊರಿನ ಒಂದು ಬೀದಿಯೊಳಗೆ ಕಾಲಿಡಲು ಬಿಡದ ಮಗು, ಎಲ್ಲರೂ ನಿಮ್ಮ ತರಗತಿಯಲ್ಲೇ ಇದ್ದಾರೆ. ಹಾಗಾಗಿ ಮೊದಲ ದಿನವೇ ಒಂದು ನಿಯಮ ಹೇಳಿ: ಟೀಚರ್ ಬಿಟ್ಟು ಯಾರೂ ಓದಬಾರದು ಅನಿಸಿದರೆ ಹಾಳೆ ಮಡಚಿ ಕೊಡಿ. ಮಡಚಿದ ಹಾಳೆಯನ್ನು ನೀವು ಗಟ್ಟಿಯಾಗಿ ಓದಬಾರದು, ಸ್ಟಾಫ್ ರೂಮಿನಲ್ಲಿ ಅದರ ಮಾತು ಎತ್ತಬಾರದು. 'ಅಯ್ಯೋ ಪಾಪ' ಅನ್ನಲೂ ಬೇಡಿ. ಮಗುವಿನ ಜೊತೆ ಒಬ್ಬರೇ ಇರುವಾಗ 'ಓದಿದೆ, ನೀನು ಹೇಳಿದ್ದು ಒಳ್ಳೇದಾಯ್ತು' ಅಂದರೆ ಸಾಕು, ಮುಂದೆ ಅದೇ ಮಾತಾಡುತ್ತದೆ.

ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆ ಅಂತ ಮಾತ್ರ ಮಾತು ಕೊಡಬೇಡಿ. ಮಗುವಿಗೆ ಹಿಂಸೆ ಆಗುತ್ತಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ನಿಮಗೆ ಬೇರೆ ದಾರಿಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಊರಿನವರು ಏನೆನ್ನುತ್ತಾರೋ, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಏನೆನ್ನುತ್ತಾರೋ ಅಂತ ಕಾಯುವ ವಿಷಯ ಅಲ್ಲ ಅದು. ಇದನ್ನೆಲ್ಲ ಕೇಳಿ ಬರೆಸುವುದೇ ಬೇಡ ಅನಿಸಬಾರದು. ಬರೆಸದಿದ್ದರೂ ಮಗುವಿನ ಮನೆ ಹಾಗೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಮಕ್ಕಳ ಬರಹ ಬರೀ ನೋಟ್‌ಬುಕ್ಕಿನಲ್ಲಿ ಉಳಿದರೆ ಅರ್ಧ ಕೆಲಸ. ಅದು ಬೇರೆ ಮಕ್ಕಳ ಓದು ಆಗಬೇಕು. ಫ್ರಾನ್ಸಿನಲ್ಲಿ ಸೆಲೆಸ್ಟಿನ್ ಫ್ರೆನೆ ಅನ್ನುವ ಹಳ್ಳಿಶಾಲೆಯ ಮೇಷ್ಟ್ರು ಒಬ್ಬರಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗುಂಡೇಟು ಬಿದ್ದಿತ್ತು. ಗಟ್ಟಿಯಾಗಿ ಜಾಸ್ತಿ ಹೊತ್ತು ಪಾಠ ಮಾಡಲು ಆಗುತ್ತಿರಲಿಲ್ಲ. 1920ರ ದಶಕದಲ್ಲಿ ಅವರು ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದು, ಮಕ್ಕಳು ಬರೆದದ್ದನ್ನು ಮಕ್ಕಳ ಕೈಯಲ್ಲೇ ಅಚ್ಚು ಮಾಡಿಸಿದರು. ಅದೇ ಅವರ ಓದುವ ಪುಸ್ತಕ. ಆಮೇಲೆ ಆ ಹಾಳೆಗಳು ದೂರದ ಇನ್ನೊಂದು ಶಾಲೆಗೆ ಹೋಗುತ್ತಿದ್ದವು, ಅಲ್ಲಿಂದ ಅವರ ಹಾಳೆಗಳು ಬರುತ್ತಿದ್ದವು.

ನಮಗೆ ಅಚ್ಚಿನ ಯಂತ್ರ ಬೇಕಿಲ್ಲ. ಬಿಳಿ ಹಾಳೆ ಮಡಚಿ, ನಡುವೆ ದಾರ ಹಾಕಿ ಹೊಲಿದರೆ ಪುಸ್ತಕ ಆಯಿತು. ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಇನ್ನೊಂದನ್ನು ಬೇರೆ ತಾಲ್ಲೂಕಿನ ಶಾಲೆಗೆ ಕಳಿಸಿ. ತೆಂಗಿನ ಸೀಮೆಯಾದ ತಿಪಟೂರು ಕಡೆ ಗೊತ್ತಿರುವ ಶಿಕ್ಷಕರು ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿನ ಮಗು 'ನಮ್ಮ ಮನೆ ಅಟ್ಟದ ಮೇಲೆ ಕಾಯಿ ಒಂದು ವರ್ಷ ಇರುತ್ತೆ, ಒಳಗೆ ಕೊಬ್ಬರಿ ಗಿಟುಕು ಆಗುತ್ತೆ, ಅಲ್ಲಾಡಿಸಿದ್ರೆ ಗೊಟಗೊಟ ಅನ್ನುತ್ತೆ' ಅಂತ ಬರೆದರೆ ನಿಮ್ಮ ಮಕ್ಕಳಿಗೆ ಅದು ಹೊಸದು. ಒಂದು ವರ್ಷ ಕೊಳೆಯಲ್ವಾ? ಇಲಿ ತಿನ್ನಲ್ವಾ? ಕೇಳಿ ಬರೆಯಬೇಕು, ಉತ್ತರಕ್ಕೆ ಕಾಯಬೇಕು, ಬಂದ ಮೇಲೆ ಓದಬೇಕು. ಓದು ಅಂತ ಯಾರೂ ಹೇಳಬೇಕಾಗಿಲ್ಲ. ಫೋನಿನಲ್ಲಿ ಫೋಟೊ ಕಳಿಸಿದರೂ ನಡೆಯುತ್ತದೆ, ಆದರೆ ಅಂಚೆಯಲ್ಲಿ ಬಂದ ಕವರು ಒಡೆಯುವ ಖುಷಿಯೇ ಬೇರೆ.

ಪಾಠ ಮುಗಿಸುವ ಲೆಕ್ಕ ಹೀಗಿದೆ. ಎಲ್ಲಾ ಪಾಠಕ್ಕೂ ಇದನ್ನು ಮಾಡಬೇಕಿಲ್ಲ, ತಿಂಗಳಿಗೆ ಎರಡು ಪಾಠ ಆರಿಸಿಕೊಳ್ಳಿ. ಒಂದಕ್ಕೆ ಮೂರು ದಿನ: ಒಂದು ದಿನ ಬರಹ, ಒಂದು ದಿನ ಓದು, ಮೂರನೇ ದಿನ ತಮ್ಮ ಬರಹವನ್ನೂ ಪಾಠವನ್ನೂ ಪಕ್ಕಪಕ್ಕ ಇಟ್ಟುಕೊಂಡು ಮಾತು. ಆ ಮೂರನೇ ದಿನ ಬೇಕಾದವರು ತಮ್ಮ ಬರಹಕ್ಕೆ ಎರಡು ಸಾಲು ಸೇರಿಸಬಹುದು. ಸಮಯ ಎಲ್ಲಿಂದ ಬರುತ್ತದೆ ಅಂದರೆ, ಬೋರ್ಡಿನಿಂದ ಪ್ರಶ್ನೋತ್ತರ ಇಳಿಸಿಕೊಳ್ಳುವುದನ್ನು ಆ ಎರಡು ಪಾಠಕ್ಕೆ ಬಿಟ್ಟುಬಿಡಿ. ಮಕ್ಕಳು ನೋಟ್ಸ್ ಇಳಿಸಿಕೊಳ್ಳುವುದಕ್ಕೆ ಎಷ್ಟು ಪೀರಿಯಡ್ ಹೋಗುತ್ತದೆ ಅಂತ ಒಂದು ವಾರ ಲೆಕ್ಕ ಇಟ್ಟು ನೋಡಿ, ನಿಮಗೇ ಗಾಬರಿ ಆಗುತ್ತದೆ. ಕಲಿಕೆಯ ನಡುವೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನವನ್ನು ವರ್ಷಕ್ಕೆ ನಾಲ್ಕು ಸಲ ಹೇಗೂ ಮಾಡಬೇಕು, ಅದಕ್ಕೆ ಚಟುವಟಿಕೆ ಬೇಕು. ಇದೇ ಬರಹಗಳನ್ನು ಅದಕ್ಕೆ ಇಟ್ಟುಕೊಳ್ಳಿ, ಬೇರೆ ದಾಖಲೆ ಬರೆಯುವ ಕೆಲಸ ತಪ್ಪುತ್ತದೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸಲೂ ಏನಾದರೂ ಇರುತ್ತದೆ.

ಅಂಕ ಕೊಡುವಾಗ ಉದ್ದ ನೋಡಬೇಡಿ. ಈ ತಿಂಗಳಿನ ಬರಹವನ್ನೂ ಮೂರು ತಿಂಗಳ ನಂತರದ್ದನ್ನೂ ಒಟ್ಟಿಗೆ ಇಟ್ಟು ನೋಡಿ. ಬೇರೆ ಯಾರೂ ಬರೆಯಲಾಗದ ಒಂದು ಸಾಲಾದರೂ ಇದೆಯಾ? ಪಾಠದ ಬಗ್ಗೆ ಮಾತಾಡುವಾಗ ಪುಟ ತಿರುಗಿಸಿ ಸಾಲು ತೋರಿಸುತ್ತದಾ? ಓದಿದ ಕತೆಯ ಯಾವುದಾದರೂ ತಂತ್ರ, ಮಾತಿನಿಂದಲೇ ಶುರು ಮಾಡುವುದೋ, ಕೊನೆಯವರೆಗೂ ಒಂದು ವಿಷಯ ಮುಚ್ಚಿಡುವುದೋ, ತನ್ನ ಬರಹದಲ್ಲಿ ಬಂದಿದೆಯಾ? ಈ ಮೂರರಲ್ಲಿ ಕೊನೆಯದು ತಡವಾಗಿ ಬರುತ್ತದೆ, ಕೆಲವರಿಗೆ ಆರನೇ ತರಗತಿಗೆ ಹೋದ ಮೇಲೆ. ಹಾಗಾಗಿ ಮುಂದಿನ ತರಗತಿಯ ಶಿಕ್ಷಕರಿಗೆ ಆ ನೋಟ್‌ಬುಕ್‌ಗಳನ್ನು ಕೈಯಾರೆ ಒಪ್ಪಿಸಿ. ಬೇಸಿಗೆ ರಜೆಯಲ್ಲಿ ರದ್ದಿಗೆ ಹೋಗದಂತೆ ಬೀರುವಿನಲ್ಲಿ ಇಟ್ಟು ಬೀಗ ಹಾಕಿ.